ಅಮ್ಮನನ್ನು ಕೂರಿಸಿಕೊಂಡು ಹೋದ ಬುಲೆಟ್ ರೈಲು

ನಮ್ಮನೇಲಿ ರೈಲು ಪ್ರಯಾಣ ಅಂದ್ರೆ ಅಪ್ಪ ಪ್ಲಾಟ್‌ಫಾರ್ಮಿಗೆ ಇಳಿಯೋದು, ಅಮ್ಮ ಕಿಟಕಿಯ ಸರಳು ಹಿಡಿದು "ಗಾಡಿ ಬಿಡ್ತಾರೆ, ಬನ್ರೀ" ಅಂತ ಕೂಗೋದು. ಅರಸೀಕೆರೆಯಲ್ಲಿ ಗಾಡಿ ನಿಂತರೆ ಸಾಕು, ಅಪ್ಪನಿಗೆ ಕಾಫಿ ಬೇಕು, ಪೇಪರ್ ಬೇಕು, ಗುರುತಿನವರು ಯಾರಾದ್ರೂ ಸಿಕ್ಕರೆ ಎರಡು ಮಾತೂ ಬೇಕು. ಗಾಡಿ ಅಲುಗಾಡಿದ ಮೇಲೆಯೇ ಅವರು ಓಡಿ ಬಂದು ಹತ್ತುತ್ತಿದ್ದರು. ಒಂದು ಸಲವೂ ತಪ್ಪಿಸಿಕೊಳ್ಳಲಿಲ್ಲ. ಆ ಚಾಳಿ ನನಗೂ ಬಂದಿದೆ ಅಂತ ಗೊತ್ತಾಗಿದ್ದು ಕಳೆದ ನವೆಂಬರಿನಲ್ಲಿ, ಟೋಕಿಯೊ ಸ್ಟೇಷನ್ನಿನಲ್ಲಿ.

ಅಪ್ಪ ಹೋಗಿ ಮೂರು ವರ್ಷ ಆಗಿತ್ತು. ಅಮ್ಮ ಪ್ರೈಮರಿ ಶಾಲೆ ಟೀಚರ್ ಆಗಿ ರಿಟೈರ್ ಆದವಳು. ಮನೆ, ಟೀವಿ, ಮೊಣಕಾಲು ನೋವು, ಮತ್ತೆ ಮನೆ. "ಎಲ್ಲಿಗಾದ್ರೂ ಹೋಗೋಣ, ಎಲ್ಲಿಗೆ ಹೇಳು" ಅಂದೆ. ಕಾಶಿ ಅಂತಾಳೆ ಅಂದುಕೊಂಡಿದ್ದೆ. "ಆ ಜಪಾನಿನ ಬುಲೆಟ್ ಟ್ರೈನು ಇದ್ಯಲ್ಲ, ಅದು. ಮೂವತ್ತು ವರ್ಷ ಮಕ್ಕಳಿಗೆ ಅದರ ಮೇಲೆ ಪ್ರಶ್ನೆ ಕೇಳಿದೀನಿ. ಒಂದು ಸಲ ಕೂತು ನೋಡ್ಬೇಕು" ಅಂದಳು. ಆ ಮೇಲೆ ತಾನೇ ಗಾಬರಿಯಾಗಿ, "ಸುಮ್ನೆ ಅಂದೆ ಕಣೇ" ಅಂತಲೂ ಸೇರಿಸಿದಳು.

ಸುಮ್ನೆ ಅಂದಿದ್ದಲ್ಲ ಅಂತ ನನಗೆ ಗೊತ್ತಿತ್ತು. ಹೊರಟೆವು.

ಬುಕಿಂಗ್ ವಿಷಯ ಮೊದಲು ಹೇಳಿಬಿಡ್ತೀನಿ, ನಿಮ್ಮಲ್ಲಿ ಬಹಳ ಜನ ಇದನ್ನೇ ಕೇಳ್ತೀರಿ. ಜಪಾನ್ ಅಂದ ತಕ್ಷಣ ಎಲ್ಲರೂ "ರೈಲ್ ಪಾಸ್ ತಗೋ" ಅಂತಾರೆ. ಅದು ಹಳೇ ಸಲಹೆ. ದೇಶವಿಡೀ ಓಡಾಡುವ 7 ದಿನದ ಪಾಸು 2023ರ ಅಕ್ಟೋಬರ್‌ವರೆಗೆ 29,650 ಯೆನ್ ಇತ್ತು, ಆಮೇಲೆ ಒಂದೇ ಏಟಿಗೆ 50,000 ಆಯಿತು. ಟೋಕಿಯೊದಿಂದ ಕ್ಯೋಟೊಗೆ ಒಂದು ಸಲದ ಟಿಕೆಟ್ಟು ಸುಮಾರು 14,000 ಯೆನ್, ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿ ಆಸುಪಾಸು. ಹೋಗಿ ಬಂದರೂ 28,000. ನಮ್ಮ ಹಾಗೆ ಎರಡೇ ಊರು ನೋಡುವವರಿಗೆ ಪಾಸು ಶುದ್ಧ ನಷ್ಟ. ಜೊತೆಗೆ ಆ ಪಾಸಿನಲ್ಲಿ ಅತಿ ವೇಗದ 'ನೊಜೊಮಿ' ಹತ್ತಬೇಕಾದರೆ ಮೇಲೆ ಮತ್ತೆ ದುಡ್ಡು ಕೊಡಬೇಕು. ಅದೇ ಹಳಿಯ ಮೇಲೆ 'ಹಿಕಾರಿ', 'ಕೊದಾಮ' ಅಂತ ಇನ್ನೆರಡು ಓಡುತ್ತವೆ. ಕೊದಾಮ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತೆ, ನಮ್ಮ ಪ್ಯಾಸೆಂಜರ್ ಗಾಡಿಯ ಶ್ರೀಮಂತ ತಮ್ಮ. ಹಿಕಾರಿ ನಡುವಿನದು. ನೊಜೊಮಿಯಲ್ಲಿ ಕ್ಯೋಟೊಗೆ ಎರಡೂ ಕಾಲು ಗಂಟೆ ಸಾಕು.

ಟಿಕೆಟ್ಟನ್ನು ಸ್ಮಾರ್ಟ್‌ಇಎಕ್ಸ್‌ನಲ್ಲಿ ಮಾಡಿದೆ. ಇಂಗ್ಲಿಷಿನಲ್ಲಿದೆ, ಕ್ರೆಡಿಟ್ ಕಾರ್ಡ್ ಸಾಕು. ಪ್ರಯಾಣಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ಅಲ್ಲಿನ ಬೆಳಗ್ಗೆ 10ಕ್ಕೆ ಸೀಟು ತೆರೆಯುತ್ತೆ, ಅಂದರೆ ನಮ್ಮ ಆರೂವರೆ. ತತ್ಕಾಲ್ ತರಬೇತಿ ಪಡೆದ ಕೈ ನನ್ನದು. 6:25ಕ್ಕೇ ಎದ್ದು, ಕಾರ್ಡ್ ನಂಬರ್ ನೋಟ್‌ನಲ್ಲಿ ಬರೆದಿಟ್ಟುಕೊಂಡು, ವೈಫೈ ಆಫ್ ಮಾಡಿ ಡೇಟಾ ಆನ್ ಮಾಡಿ ಕೂತಿದ್ದೆ. 6:30ಕ್ಕೆ ನೋಡಿದರೆ ಇಡೀ ಬೋಗಿ ಖಾಲಿ. 6:40ಕ್ಕೂ ಖಾಲಿ. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 12 ನೊಜೊಮಿ ಬಿಡೋ ಜನಕ್ಕೆ ತತ್ಕಾಲ್ ಯಾಕೆ ಬೇಕು? ಹೊಸ ವರ್ಷ, ಮೇ ತಿಂಗಳ ಮೊದಲ ವಾರ, ಆಗಸ್ಟಿನ ಒಬೊನ್ ಹಬ್ಬ, ಇಂಥ ದಿನಗಳಲ್ಲಿ ಮಾತ್ರ ಅವಸರ ಮಾಡಿ.

ಸೀಟು ಆರಿಸುವಾಗ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಒಂದು ಸಾಲಿನಲ್ಲಿ ಐದು ಸೀಟು. ಎ, ಬಿ, ಸಿ ಸಮುದ್ರದ ಕಡೆ, ಡಿ, ಇ ಬೆಟ್ಟದ ಕಡೆ. ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆ ಆಗುವ ಹೊತ್ತಿಗೆ ಫುಜಿ ಪರ್ವತ ಕಾಣೋದು 'ಇ' ಕಿಟಕಿಯಿಂದ. ನಾನು ಡಿ ಮತ್ತು ಇ ತೆಗೆದೆ. ಇಲ್ಲಿ ಒಂದು ನಾಚಿಕೆಯ ಮಾತು ಹೇಳಬೇಕು. ಕಿಟಕಿ ಸೀಟು ನನಗೆ ಅಂತಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ರೀಲ್ ಮಾಡಬೇಕಿತ್ತು. ಅಮ್ಮನೂ ಅದನ್ನೇ ಹೇಳಿದಳು, "ನೀನೇ ಕೂತ್ಕೋ, ನಂಗೆ ಕಾಲು ಚಾಚಕ್ಕೆ ಈ ಕಡೆ ಆರಾಮ." ನನಗೆ ನೆನಪಿರೋ ಮಟ್ಟಿಗೆ ಯಾವ ಬಸ್ಸಲ್ಲೂ, ಯಾವ ರೈಲಲ್ಲೂ ಅಮ್ಮ ಕಿಟಕಿ ಪಕ್ಕ ಕೂತವಳಲ್ಲ. ನಾನು, ತಮ್ಮ, ಆಮೇಲೆ ಅಪ್ಪ. ಕೊನೆಗೆ ಅಮ್ಮ, ತೊಡೆ ಮೇಲೆ ಚೀಲ.

ಲಗೇಜಿಗೂ ಒಂದು ನಿಯಮ ಇದೆ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದರೆ ಬೋಗಿಯ ಹಿಂದಿನ ಸಾಲಿನ ವಿಶೇಷ ಸೀಟನ್ನು ಮುಂಚೆಯೇ ಬುಕ್ ಮಾಡಬೇಕು. ಅದಕ್ಕೆ ಬೇರೆ ದುಡ್ಡಿಲ್ಲ. ಆದರೆ ಮಾಡದೇ ತಂದರೆ 1,000 ಯೆನ್ ದಂಡ. ಮನೆಯಲ್ಲಿ ಟೈಲರ್ ಟೇಪು ಹಿಡಿದು ಅಳೆದೆವು. ಅಮ್ಮನ ಹಳೇ ಸೂಟ್‌ಕೇಸು 171. "ಹುರಿಗಾಳು ತೆಗೆದ್ರೆ ಕಮ್ಮಿ ಆಗತ್ತಾ?" ಅಂತ ಕೇಳಿದಳು, ಪಾಪ. ಕೊನೆಗೆ ಅದನ್ನು 'ತಕ್ಕ್ಯುಬಿನ್' ಅನ್ನೋ ಪಾರ್ಸೆಲ್ ಸೇವೆಯಲ್ಲಿ ಟೋಕಿಯೊ ಹೋಟೆಲಿನಿಂದಲೇ ಕ್ಯೋಟೊ ಹೋಟೆಲಿಗೆ ಕಳಿಸಿದೆವು. ಮಾರನೇ ದಿನ ತಲುಪಿಸುತ್ತಾರೆ. ವಯಸ್ಸಾದವರ ಜೊತೆ ಹೋಗುವವರು ಇದೊಂದನ್ನು ಮರೀಬೇಡಿ. ಅಮ್ಮನ ಕೈಯಲ್ಲಿ ಉಳಿದಿದ್ದು ಒಂದು ಬಟ್ಟೆ ಚೀಲ, ಅದರಲ್ಲಿ ಚಪಾತಿ, ಚಟ್ನಿಪುಡಿ.

ಇನ್ನೆರಡು ಜಾಣತನ ಮಾಡಿದ್ದೆ. ಇ-ಸಿಮ್ ಒಂದೇ ಸಾಕು ಅಂತ ನನ್ನ ಫೋನಿಗೆ ಮಾತ್ರ ಹಾಕಿಸಿ, ಅಮ್ಮನಿಗೆ ಹಾಟ್‌ಸ್ಪಾಟ್ ಕೊಡ್ತಿದ್ದೆ. ಮತ್ತೆ ಮೆಷಿನ್ನಿನಲ್ಲಿ ತೆಗೆದ ಕಾಗದದ ಟಿಕೆಟ್ಟುಗಳನ್ನು, ಕಳೆದುಹೋಗದಿರಲಿ ಅಂತ, ಎರಡೂ ನನ್ನ ಪರ್ಸಿನಲ್ಲೇ ಇಟ್ಟುಕೊಂಡಿದ್ದೆ.

ಬೆಳಗ್ಗೆ ಒಂಬತ್ತರ ಸುಮಾರಿಗೆ ನಮ್ಮ ರೈಲು. 12ನೇ ಬೋಗಿ. ಅಮ್ಮನನ್ನು ಕೂರಿಸಿದೆ. ಅವಳು ಸೀಟಿನ ಬಟ್ಟೆ ಮುಟ್ಟಿ ನೋಡಿದಳು, ಮುಂದಿನ ಟ್ರೇ ತೆಗೆದು ಮುಚ್ಚಿದಳು, "ಒಂದು ಬಿಸಿ ಕಾಫಿ ಇದ್ದಿದ್ರೆ" ಅಂದಳು. ಈ ರೈಲಿನ ಸಾಮಾನ್ಯ ಬೋಗಿಗಳಲ್ಲಿ ತಳ್ಳುಗಾಡಿ ಮಾರಾಟವನ್ನು 2023ರ ಅಕ್ಟೋಬರಿಗೇ ನಿಲ್ಲಿಸಿಬಿಟ್ಟಿದ್ದಾರೆ. ಪ್ಲಾಟ್‌ಫಾರ್ಮಿನಲ್ಲಿ ಮೆಷಿನ್ ಇತ್ತು. ಹೊರಡಕ್ಕೆ ಇನ್ನೂ ಮೂರು ನಿಮಿಷ. "ಈಗ ಬಂದೆ" ಅಂತ ಇಳಿದೆ.

ಅಪ್ಪನ ಮಗಳು ನಾನು.

ಕೆಂಪು ಪಟ್ಟಿ ಇರೋದು ಬಿಸಿ ಕ್ಯಾನು, ನೀಲಿ ಇರೋದು ತಣ್ಣಗಿನದು. ಚಿಲ್ಲರೆ ನಾಣ್ಯ ಹುಡುಕಿದೆ, ಒಂದು ಉರುಳಿಹೋಯಿತು, ಬಗ್ಗಿ ಎತ್ತಿಕೊಂಡೆ. ಎರಡನೇ ಕ್ಯಾನು ಬೀಳುವಾಗ ಗಂಟೆ ಕೇಳಿಸಿತು. ನನ್ನ ತಲೆಯೊಳಗಿನ ರೈಲು ಗಂಟೆ ಆದ ಮೇಲೆ ಸೀಟಿ ಊದುತ್ತೆ, ಒಂದು ಸಲ ಜಗ್ಗುತ್ತೆ, ಆಮೇಲೆ ನಿಧಾನಕ್ಕೆ ಜರುಗುತ್ತೆ, ಓಡಿ ಹತ್ತಬಹುದು. ಈ ರೈಲು ಅದ್ಯಾವುದನ್ನೂ ಮಾಡಲಿಲ್ಲ. ನಾನು ಇಪ್ಪತ್ತು ಹೆಜ್ಜೆ ಓಡುವಷ್ಟರಲ್ಲಿ ಬಾಗಿಲು ಮುಚ್ಚಿತು, ಅದರ ಮುಂದಿನ ಗೇಟೂ ಮುಚ್ಚಿತು. ಕಿಟಕಿಯಲ್ಲಿ ಅಮ್ಮನ ಮುಖ ಕಾಣಿಸಿತು. ಬಾಯಿ ಅಲುಗಾಡ್ತಿತ್ತು. ಏನು ಹೇಳ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಜನ್ಮ ಪೂರ್ತಿ ಕೇಳಿದ್ದೇ ಅದು.

ಅಮ್ಮನ ಹತ್ರ ಟಿಕೆಟ್ ಇಲ್ಲ. ಫೋನಲ್ಲಿ ನೆಟ್ ಇಲ್ಲ. ಹೋಟೆಲಿನ ಹೆಸರು ಗೊತ್ತಿಲ್ಲ. ಪಾಸ್‌ಪೋರ್ಟ್ ಕೂಡ ನನ್ನ ಬ್ಯಾಗಿನಲ್ಲೇ. ಗಂಟೆಗೆ 285 ಕಿಲೋಮೀಟರ್ ವೇಗ ಮುಟ್ಟುವ ಬಂಡಿಯಲ್ಲಿ ಅವಳು ಒಬ್ಬಳೇ.

ಪ್ಲಾಟ್‌ಫಾರ್ಮಿನ ಸಿಬ್ಬಂದಿಯೊಬ್ಬರ ಹತ್ರ ಓಡಿದೆ. ಅವರು ಟಿಕೆಟ್ ನೋಡಿದರು, ಟ್ರಾನ್ಸ್‌ಲೇಟರಿನಲ್ಲಿ ನಾನು ಬರೆದಿದ್ದನ್ನು ಓದಿದರು, ಬೋಗಿ ಮತ್ತು ಸೀಟಿನ ನಂಬರನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು, ಯಾರಿಗೋ ಫೋನ್ ಮಾಡಿದರು. ಮುಂದಿನ ನಿಲ್ದಾಣ ಶಿನಗವಾ, ಬರೀ ಏಳೆಂಟು ನಿಮಿಷ. ಆಮೇಲೆ ಶಿನ್-ಯೊಕೊಹಾಮ. ಅದಾದ ಮೇಲೆ ನಗೋಯವರೆಗೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಲ್ಲ. ಅಮ್ಮ ಗಾಬರಿಯಲ್ಲಿ ಎಲ್ಲಾದರೂ ಇಳಿದುಬಿಟ್ಟರೆ? ಅವರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ನನ್ನನ್ನು ಕೇಳಿದರು, "ಕ್ಯೋಟೊ, ಓಕೆ?" ಓಕೆ ಅಂದೆ. ಬೇರೇನು ಅನ್ನಲಿ.

ನಿಮಗೂ ಉಪಯೋಗಕ್ಕೆ ಬರಬಹುದಾದ ವಿಷಯ ಇದು. ಇಲ್ಲಿ ರಿಸರ್ವೇಶನ್ ಮಾಡಿದ ರೈಲು ತಪ್ಪಿದರೆ ಟಿಕೆಟ್ ಪೂರ್ತಿ ಹಾಳಾಗಲ್ಲ. ಅದೇ ದಿನದ ಮುಂದಿನ ರೈಲುಗಳ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಬಹುದು. ಮುಂಗಡದ ರಿಯಾಯಿತಿ ಟಿಕೆಟ್ಟಾದರೆ ಈ ಸೌಲಭ್ಯ ಸಿಗದೇ ಇರಬಹುದು, ಮತ್ತೆ ಹಬ್ಬದ ದಿನಗಳಲ್ಲಿ ನೊಜೊಮಿಯ ಎಲ್ಲ ಸೀಟೂ ರಿಸರ್ವ್. ನಮ್ಮದು ಪೂರ್ತಿ ಬೆಲೆಯ ಟಿಕೆಟ್, ಸಾಧಾರಣ ದಿನ. ಹತ್ತು ನಿಮಿಷದೊಳಗೆ ಹೊರಡುವ ಇನ್ನೊಂದು ನೊಜೊಮಿ ಪಕ್ಕದ ಹಳಿಯಲ್ಲೇ ನಿಂತಿತ್ತು. ಅವರೇ ನನ್ನನ್ನು ಮುಂದಿನ ಬೋಗಿಯವರೆಗೆ ನಡೆಸಿಕೊಂಡು ಹೋಗಿ ಹತ್ತಿಸಿ, ನಾನು ಕೂತಿದ್ದನ್ನು ಕಿಟಕಿಯಿಂದ ನೋಡಿ, ತಲೆ ಬಾಗಿಸಿ ಹೋದರು. ನಾನು ಮತ್ತೆ ಇಳೀಬಹುದು ಅಂತ ಅನುಮಾನ ಇತ್ತೇನೋ.

ಮೂರು ಸೀಟಿನ ನಡುವಿನದು ಸಿಕ್ಕಿತು, ಸಮುದ್ರದ ಕಡೆ. 1964ರ ಅಕ್ಟೋಬರ್ 1ರಂದು, ಟೋಕಿಯೊ ಒಲಿಂಪಿಕ್ಸ್ ಶುರುವಾಗೋ ಒಂಬತ್ತು ದಿನ ಮುಂಚೆ ಈ ಮಾರ್ಗ ತೆರೆದಿದ್ದು. ಅವತ್ತಿನಿಂದ ಇವತ್ತಿನವರೆಗೆ ಡಿಕ್ಕಿ, ಹಳಿ ತಪ್ಪಿದ್ದರಿಂದ ಒಬ್ಬ ಪ್ರಯಾಣಿಕನ ಪ್ರಾಣವೂ ಹೋಗಿಲ್ಲ. ಭೂಕಂಪದ ಸುಳಿವು ಸಿಕ್ಕರೆ ರೈಲು ತಾನೇ ಬ್ರೇಕ್ ಹಾಕಿಕೊಳ್ಳುತ್ತೆ. ಇದನ್ನೆಲ್ಲ ಅಮ್ಮನಿಗೆ ಹೇಳಬೇಕು ಅಂತ ಓದಿಕೊಂಡು ಬಂದಿದ್ದೆ. ಈಗ ನನಗೆ ನಾನೇ ಹೇಳಿಕೊಳ್ತಾ ಕೂತೆ. ಕೋಟಿನ ಜೇಬಿನಲ್ಲಿ ಎರಡು ಕ್ಯಾನು ಬಿಸಿಬಿಸಿ ಇದ್ದವು.

ಸ್ವಲ್ಪ ಹೊತ್ತಿನ ಮೇಲೆ ಆ ಕಡೆ ಸಾಲಿನವರೆಲ್ಲ ಒಟ್ಟಿಗೆ ಫೋನ್ ಎತ್ತಿದರು. ಫುಜಿ ಅಂತ ಗೊತ್ತಾಯಿತು. ನನಗೆ ಕಂಡಿದ್ದು ಅವರ ಬೆನ್ನು.

ಕ್ಯೋಟೊದಲ್ಲಿ ಇಳಿದೆ. ಈ ರೈಲಿಗೆ 16 ಬೋಗಿ, ಒಟ್ಟು 400 ಮೀಟರ್. ನಾನು ಇಳಿದಿದ್ದು ಎರಡನೆಯದರಿಂದ, ಅಮ್ಮ ಇಳಿದಿದ್ದರೆ ಹನ್ನೆರಡನೆಯದರ ಹತ್ತಿರ. 250 ಮೀಟರ್ ಓಡಿದೆ. ಗುಂಪಿನ ನಡುವೆ ಎಲ್ಲೂ ಅವಳ ಹಸಿರು ಶಾಲು ಕಾಣಲಿಲ್ಲ. ಆ ಅರ್ಧ ನಿಮಿಷದ ಬಗ್ಗೆ ಬರೆಯಕ್ಕೆ ನನಗೆ ಬರಲ್ಲ. ಆಮೇಲೆ ಜನ ಕರಗಿದರು. ಅಮ್ಮ ಬೆಂಚಿನ ಮೇಲೆ ಕೂತಿದ್ದಳು, ತೊಡೆ ಮೇಲೆ ಬಟ್ಟೆ ಚೀಲ. ಪಕ್ಕದಲ್ಲಿ ಟೋಪಿ ಹಾಕಿದ ಸ್ಟೇಷನ್ ಸಿಬ್ಬಂದಿ ಒಬ್ಬರು ನಿಂತಿದ್ದರು.

"ಕಾಫಿ ಎಲ್ಲೇ?" ಅಂದಳು.

ನಾನು ಅತ್ತೆ. ಅವಳು ಅಳಲಿಲ್ಲ.

ಆಮೇಲೆ ಒಂದೊಂದೇ ಹೇಳಿದಳು. ಶಿನಗವಾದಲ್ಲಿ ರೈಲು ನಿಂತಾಗ ಇಳಿಯಕ್ಕೆ ಅಂತ ಎದ್ದು ಬಾಗಿಲವರೆಗೂ ಹೋಗಿದ್ದಳಂತೆ. "ಶಾಲೆ ಟೂರಿಗೆ ಹೋದಾಗ ಮಕ್ಕಳಿಗೆ ಏನು ಹೇಳ್ತಿದ್ದೆ? ತಪ್ಪಿಸ್ಕೊಂಡ್ರೆ ಇದ್ದ ಕಡೆನೇ ಇರಿ, ಹುಡುಕ್ಕೊಂಡು ಬರೋರು ನಾವು ಅಂತ. ಅದು ನೆನಪಾಯ್ತು. ವಾಪಸ್ ಬಂದು ಕೂತೆ." ಟಿಕೆಟ್ ಕೇಳಿದರೆ ಏನು ಮಾಡೋದು ಅನ್ನೋದೇ ದೊಡ್ಡ ಭಯ ಆಗಿತ್ತಂತೆ. ಯಾರೂ ಕೇಳಲಿಲ್ಲ. ಇಲ್ಲಿ ಯಾವ ಸೀಟು ಮಾರಾಟ ಆಗಿದೆ ಅಂತ ಕಂಡಕ್ಟರ್ ಕೈಯಲ್ಲಿರೋ ಸಾಧನದಲ್ಲೇ ಕಾಣುತ್ತೆ, ಸರಿಯಾದ ಸೀಟಿನಲ್ಲಿ ಕೂತವರನ್ನು ಎಬ್ಬಿಸಿ ಕೇಳಲ್ಲ. ಕಂಡಕ್ಟರ್ ಬಂದಿದ್ದು ಬೇರೆ ಕೆಲಸಕ್ಕೆ. ಮಂಡಿಯೂರಿ ಕೂತು ಒಂದು ಚೀಟಿ ಕೊಟ್ಟರಂತೆ. ಅಮ್ಮ ಅದನ್ನು ಚೀಲದಿಂದ ತೆಗೆದು ತೋರಿಸಿದಳು. ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಮೂರು ಸಾಲು: ಡಾಟರ್. ನೆಕ್ಸ್ಟ್ ಟ್ರೈನ್. ಕ್ಯೋಟೊ.

"ಅಕ್ಷರ ಮುದ್ದಾಗಿದೆ ನೋಡು" ಅಂದಳು, ಟೀಚರಮ್ಮ.

"ಫುಜಿ ಕಾಣಿಸ್ತಾ?"

"ಆಮೇಲೆ ನಿನ್ನ ಸೀಟಿಗೆ ಜರುಗಿದ್ನಲ್ಲ" ಅಂತ ಫೋನ್ ಕೊಟ್ಟಳು. ಹದಿನೇಳು ಫೋಟೋ. ಆರರಲ್ಲಿ ಬೆರಳು, ನಾಲ್ಕರಲ್ಲಿ ಕರೆಂಟು ಕಂಬ. ಒಂದರಲ್ಲಿ ಮಾತ್ರ ಪೂರ್ತಿ ಪರ್ವತ, ತಲೆಯ ಮೇಲೆ ಹಿಮ, ಒಂದು ಮೋಡ ಇಲ್ಲ, ಗಾಜಿನ ಮೇಲೆ ಅಮ್ಮನ ಮುಖದ ನೆರಳು ತೆಳ್ಳಗೆ. ನಾನು ರೀಲ್ ಮಾಡಿದ್ದರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ಚಪಾತಿ ಡಬ್ಬಿ ಮಾತ್ರ ತೆಗೆದಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಇಬ್ಬರೂ ತಿಂದೆವು. ತಣ್ಣಗಾದ ಕಾಫಿ ಕುಡಿದು ಅಮ್ಮ "ಸಕ್ಕರೆ ಪಾನಕ" ಅಂತ ತೀರ್ಪು ಕೊಟ್ಟಳು.

ನಮ್ಮಲ್ಲೂ ಮುಂಬೈ–ಅಹಮದಾಬಾದ್ ನಡುವೆ 508 ಕಿಲೋಮೀಟರಿನ ಹಳಿ ಇದೇ ತಂತ್ರಜ್ಞಾನದಲ್ಲಿ ಕಟ್ಟುತ್ತಿದ್ದಾರೆ. ಅಷ್ಟು ದೂರ ಯಾಕೆ, ಮೈಸೂರಿಂದ ಚೆನ್ನೈಗೆ ಹೋಗೋ ವಂದೇ ಭಾರತ್‌ನಲ್ಲೂ ಬಾಗಿಲು ತಾನೇ ಮುಚ್ಚುತ್ತೆ. ಅಪ್ಪ ಇದ್ದಿದ್ದರೆ ಏನು ಮಾಡ್ತಿದ್ದರೋ.

ಮೂರು ದಿನದ ಮೇಲೆ ಟೋಕಿಯೊಗೆ ವಾಪಸ್. ಅಮ್ಮ ತನ್ನ ಟಿಕೆಟ್ಟನ್ನು ತಾನೇ ಇಸಿದುಕೊಂಡಳು, ಪಾಸ್‌ಪೋರ್ಟೂ. ಹೋಟೆಲಿನ ಕಾರ್ಡು ಚೀಲದ ಒಳಜೇಬಿಗೆ ಹೋಯಿತು. ರಾತ್ರಿಯೇ ಅವಳ ಫೋನಿಗೂ ಒಂದು ಇ-ಸಿಮ್ ಹಾಕಿದ್ದೆ. ಬೋಗಿ ಹತ್ತಿದ ತಕ್ಷಣ ಏನೂ ಮಾತಾಡದೇ ನೇರವಾಗಿ 'ಇ' ಸೀಟಿಗೆ ಹೋಗಿ ಕೂತಳು. ಅವತ್ತು ಫುಜಿ ಪೂರ್ತಿ ಮೋಡದಲ್ಲಿತ್ತು. ಆದರೂ ಟೋಕಿಯೊವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ, ಒಂದೇ ಒಂದು ಸಲ ಬಿಟ್ಟು. ನಗೋಯದಲ್ಲಿ ರೈಲು ನಿಂತಾಗ ಬಾತ್‌ರೂಮಿಗೆ ಹೋಗಕ್ಕೆ ಅಂತ ನಾನು ಎದ್ದೆ.

"ಎಲ್ಲಿಗೆ?" ಅಂತ ಕೈ ಹಿಡಿದು ಕೂರಿಸಿದಳು. "ಗಾಡಿ ಬಿಟ್ಟ ಮೇಲೆ ಹೋಗು."