ಶಿಫಾರಸು ಪತ್ರ ಯಾರಿಂದ?

ವಿದೇಶದ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಮಕ್ಕಳಿಗಾಗಿ ಮುಂಬಯಿಯ ಕನ್ನಡಿಗ ಪಾಲಕರು ಮೊದಲು ಅರಸುವುದು ಪ್ರಾಚಾರ್ಯರ ಮೊಹರನ್ನು. ಅಮೆರಿಕದ ಹಲವು ಕಾಲೇಜುಗಳು ಕೇಳುವುದಾದರೋ ಪಾಠ ಹೇಳಿದ ಅಧ್ಯಾಪಕರ ಅಭಿಪ್ರಾಯವನ್ನು. ಮುಖಪರಿಚಯವೇ ಇಲ್ಲದವರ ಹೊಗಳಿಕೆಗೆ ಬೆಲೆಯೇನು? ಮೊಗವೀರ ವ್ಯವಸ್ಥಾಪಕ ಮಂಡಳಿಯು ಆರಂಭಿಸಿದ ರಾತ್ರಿಶಾಲೆ ಮೊದಲ್ಗೊಂಡು ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬೆಂಚಿನ ಮೇಲೆ ತೂಕಡಿಸುವ ಹುಡುಗನ ಕಷ್ಟವನ್ನು ಅಧ್ಯಾಪಕರು ಕಣ್ಣಾರೆ ಕಂಡಿರುತ್ತಿದ್ದರು. ಕೋಚಿಂಗ್ ಕ್ಲಾಸಿಗೆ ಓಡಿ ಜ್ಯೂನಿಯರ್ ಕಾಲೇಜಿನ ಹಾಜರಿಯನ್ನೇ ತಪ್ಪಿಸುವ ಇಂದಿನವರಿಗೆ ಅಂಥ ಪರಿಚಯ ಬೆಳೆಯುವುದೆಲ್ಲಿ? ಸ್ವತಃ ಬರೆದು ತಂದು ಸಹಿಯನ್ನಷ್ಟೇ ಬೇಡುವುದಂತೂ ಅಪ್ರಾಮಾಣಿಕತೆ. ಹೆಚ್ಚು ಅಂಕವಿತ್ತವರಿಗಿಂತ ತಪ್ಪು ತಿದ್ದಿ ಬರೆಯಿಸಿದವರನ್ನು ಆರಿಸಿಕೊಂಡು, ತಿಂಗಳೊಂದು ಮೊದಲೇ ಮುಖತಃ ಕೇಳಬೇಕು; ಒಲ್ಲೆನೆನ್ನುವ ಅವಕಾಶವನ್ನೂ ಅವರಿಗೆ ಬಿಡಬೇಕು.