ದೇಶೀ ರೈಫಲ್ ಗಟ್ಟಿಯೇ?

ದೇಶೀ ರೈಫಲ್ ಬಾಳಿಕೆ ಬರೋದಿಲ್ಲ ಅನ್ನೋ ವಾದ ನಮ್ಮೂರ ಕಟ್ಟೆಯ ಮೇಲೂ ನಡೆಯುತ್ತದೆ. ಎಲ್ಲಿ ತಯಾರಾಯಿತು ಅನ್ನೋದರಿಂದ ಗಟ್ಟಿತನ ಗೊತ್ತಾಗೋದಿಲ್ಲ ಅಂತ ನನ್ನ ಅಭಿಪ್ರಾಯ.

1960ರ ದಶಕದಿಂದ ಬಂಗಾಳದ ಇಶಾಪುರದಲ್ಲಿ ತಯಾರಾದ ಎಸ್‌ಎಲ್‌ಆರ್, ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಭಾರ ಹೆಚ್ಚು, ಆದರೂ ಜವಾನರು ನಂಬಿದರು. ಅದರ ಬದಲಿಗೆ 1990ರ ದಶಕದಲ್ಲಿ ಬಂದ ಇನ್ಸಾಸ್ ಹಗುರ. ಅದೂ ನಮ್ಮಲ್ಲೇ ತಯಾರಾದದ್ದು. ಆದರೆ 1999ರಲ್ಲಿ ಕಾರ್ಗಿಲ್ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಸೀಳುತ್ತದೆ, ಗುಂಡು ಸಿಕ್ಕಿಕೊಳ್ಳುತ್ತದೆ ಎಂದು ದೂರು ಬಂತು. 2005ರಲ್ಲಿ ನೇಪಾಳದ ಸೈನ್ಯವೂ ದೂರಿತು. ಬಳಸಿದ ರೀತಿ ಸರಿಯಿಲ್ಲ ಅಂತ ನಮ್ಮ ಕಡೆಯಿಂದ ಉತ್ತರ ಹೋಯಿತು.

ಸ್ವಚ್ಛ ಇಡೋದು ಬಳಸುವವನ ಕೆಲಸ, ನಿಜ. ಆದರೆ ನಮ್ಮ ಕೂರಿಗೆಗೆ ಹಸಿ ಎರೆಮಣ್ಣು ಕಟ್ಟಿಕೊಂಡರೆ ಬಡಿಗೇರ ‘ನಿಮಗೆ ಬಿತ್ತೋಕೆ ಬರೋದಿಲ್ಲ’ ಅನ್ನೋದಿಲ್ಲ. ಹೊಲಕ್ಕೆ ಬಂದು ನೋಡಿ ತಿದ್ದಿಕೊಡ್ತಾನೆ.

2019ರಲ್ಲಿ ಸರಕಾರ ಅಮೆರಿಕದ 72,400 ರೈಫಲ್ ಕೊಳ್ಳಲು ಒಪ್ಪಂದ ಮಾಡಿತು. ಹೊರಗಿನದು ತಂದರೆ ಇವತ್ತಿನ ಕೊರತೆ ನೀಗೀತು. ನಮ್ಮದು ಗಟ್ಟಿಯಾಗಬೇಕಾದರೆ ಹಿಮದಲ್ಲಿ, ಧೂಳಿನಲ್ಲಿ ಜವಾನನ ಕೈಗೇ ಕೊಟ್ಟು ಪರೀಕ್ಷಿಸಬೇಕು, ಅವನು ಹೇಳಿದ್ದನ್ನು ತಿದ್ದಬೇಕು. ಕೂರಿಗೆ ಕೆಟ್ಟರೆ ಒಂದು ಹಂಗಾಮು ಹೋಗ್ತದೆ; ರೈಫಲ್ ಕೆಟ್ಟರೆ ರೈತನ ಮಗನ ಜೀವ ಹೋಗ್ತದೆ.