ಗಾಳಿಯಲ್ಲಿ ಬರೆದ ವೃತ್ತ

ಬಯಲಿನ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಹದ್ದನ್ನು ವಾಚಕರೆಲ್ಲರೂ ಕಂಡಿರಬಹುದು. ಗಾಳಿ ಬೀಸುವ ದಿನ ಅದನ್ನು ಕೊಂಚ ಹೊತ್ತು ಗಮನಿಸಿದರೆ, ಅದು ಸುತ್ತುತ್ತಲೇ ಗಾಳಿ ಸಾಗುವ ಕಡೆಗೆ ಸರಿಯುತ್ತಿರುವುದು ತಿಳಿಯುತ್ತದೆ. ಹದ್ದು ವೃತ್ತವನ್ನು ಬರೆಯುವುದು ಗಾಳಿಯಲ್ಲಿ. ನಾವು ಅದನ್ನು ಅಳೆಯುವುದು ನೆಲದಿಂದ. ಇವೆರಡನ್ನು ಬೇರ್ಪಡಿಸಿ ಆಲೋಚಿಸುವ ಅಭ್ಯಾಸವನ್ನು ನಮ್ಮ ಭೌತವಿಜ್ಞಾನದ ತರಗತಿಗಳು ಸಾಕಷ್ಟು ಕಲಿಸುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸಾಪೇಕ್ಷ ವೇಗದ ಪಾಠದಲ್ಲಿ ನದಿಯೂ ದೋಣಿಯೂ ಬರುತ್ತವೆ. ಬಾಣಗಳನ್ನೆಳೆದು ತ್ರಿಕೋನವನ್ನು ಮುಗಿಸಿದರೆ ಅಂಕಗಳು ದೊರೆಯುತ್ತವೆ. ಆದರೆ ಎದುರುಗಾಳಿಯಲ್ಲಿ ಹಾರುತ್ತಿದ್ದ ವಿಮಾನವು ತಿರುಗಿ, ಗಾಳಿಯನ್ನು ಬೆನ್ನಿಗೆ ಪಡೆದಾಗ ಅದರ ರೆಕ್ಕೆಗಳ ಮೇಲೆ ಹರಿಯುವ ಗಾಳಿ ಕಡಮೆಯಾಗುವುದೇ ಎಂದು ಕೇಳಿದರೆ, ಅದೇ ವಿದ್ಯಾರ್ಥಿಗಳಲ್ಲಿ ಹಲವರು ಹೌದೆನ್ನುತ್ತಾರೆ. ಗಾಳಿಯು ಒಂದೇ ಸಮನಾಗಿ ಬೀಸುತ್ತಿದ್ದರೆ ಸರಿಯಾದ ಉತ್ತರ ‘ಇಲ್ಲ’ ಎಂಬುದು. ಸಮವೇಗದಿಂದ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿ ಚಿಟ್ಟೆಗಳು ಎಲ್ಲ ದಿಕ್ಕುಗಳಿಗೂ ಒಂದೇ ರೀತಿಯಲ್ಲಿ ಹಾರುತ್ತವೆಂದು ಗೆಲಿಲಿಯೊ 1632ರಲ್ಲಿ ಪ್ರಕಟವಾದ ತನ್ನ ಸಂವಾದಗ್ರಂಥದಲ್ಲಿ ವಿವರಿಸಿದ್ದಾನೆ. ವಿಮಾನದ ಪಾಲಿಗೆ ಸಮವಾಗಿ ಬೀಸುವ ಗಾಳಿಯೂ ಅಂತಹ ಹಡಗೇ.

ಲೆಕ್ಕವನ್ನು ನೋಡೋಣ. ಸುತ್ತಲಿನ ಗಾಳಿಗೆ ಸಾಪೇಕ್ಷವಾಗಿ ವಿಮಾನದ ವೇಗ, ಎಂದರೆ ವಾಯುವೇಗ, ಸೆಕೆಂಡಿಗೆ 50 ಮೀಟರು. ಗಾಳಿಯ ವೇಗ 10 ಮೀಟರು ಎಂದಿರಲಿ. ವೈಮಾನಿಕನು ವಿಮಾನವನ್ನು ಒಂದು ಮಗ್ಗುಲಿಗೆ 30 ಡಿಗ್ರಿ ವಾಲಿಸಿ ಹಾಗೆಯೇ ಹಿಡಿದರೆ, ಗಾಳಿಯಲ್ಲಿ ಸುಮಾರು 440 ಮೀಟರು ತ್ರಿಜ್ಯದ ವೃತ್ತವು 55 ಸೆಕೆಂಡುಗಳಲ್ಲಿ ಪೂರ್ಣವಾಗುತ್ತದೆ. ಅಷ್ಟರಲ್ಲಿ ಗಾಳಿಯು ಆ ವೃತ್ತವನ್ನೇ 550 ಮೀಟರು ಹೊತ್ತೊಯ್ದಿರುತ್ತದೆ! ಇದಕ್ಕೆ ಬದಲಾಗಿ, ನೆಲದ ಮೇಲಿನ ಒಂದು ಮರವನ್ನು ಕೇಂದ್ರವಾಗಿಟ್ಟುಕೊಂಡು 500 ಮೀಟರು ತ್ರಿಜ್ಯದಲ್ಲಿ ಸುತ್ತಬೇಕಾದರೆ, ವಾಲುಕೋನವನ್ನು ಎಡೆಬಿಡದೆ ಬದಲಾಯಿಸಬೇಕಾಗುತ್ತದೆ. ಗಾಳಿಯು ಬೆನ್ನಿಗಿರುವಾಗ ನೆಲಕ್ಕೆ ಸಾಪೇಕ್ಷವಾದ ವೇಗ 60 ಮೀಟರು. ಆಗ ಸುಮಾರು 36 ಡಿಗ್ರಿ ವಾಲಬೇಕು. ಗಾಳಿಯು ಎದುರಾದಾಗ ಆ ವೇಗ 40 ಮೀಟರು. 18 ಡಿಗ್ರಿ ಸಾಕು. ಗಾಳಿಯು ದಾರಿಗೆ ಅಡ್ಡವಾಗಿ ಬೀಸುವಾಗ ವಿಮಾನದ ಮೂತಿಯು ದಾರಿಯಿಂದ ಗಾಳಿಯ ಕಡೆಗೆ ಹನ್ನೊಂದೂವರೆ ಡಿಗ್ರಿ ತಿರುಗಿರಬೇಕು. ಅಮೆರಿಕದಲ್ಲಿ ವಿಮಾನ ನಡೆಸಲು ಕಲಿಯುವವರಿಗೆ ನೆಲದಿಂದ 600ರಿಂದ 1,000 ಅಡಿ ಎತ್ತರದಲ್ಲಿ ಈ ಅಭ್ಯಾಸವನ್ನು ಮಾಡಿಸುತ್ತಾರೆ.

ಅಪಾಯವಿರುವುದು ಈ ತಗ್ಗಿನ ಎತ್ತರದಲ್ಲಿಯೇ. ಗಾಳಿಯು ಬೆನ್ನಿಗಿರುವಾಗ ಕೆಳಗಿನ ಹೊಲಗದ್ದೆಗಳು ರಭಸದಿಂದ ಹಿಂದೋಡುತ್ತವೆ. ಕಣ್ಣನ್ನು ನಂಬಿದವನು ತನ್ನ ವೇಗ ಹೆಚ್ಚಾಯಿತೆಂದು ಭ್ರಮಿಸಿ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತಾನೆ, ಇಲ್ಲವೆ ಮೂತಿಯನ್ನು ಮೇಲೆತ್ತುತ್ತಾನೆ. ಆಗ ನಿಜವಾಗಿ ಕುಗ್ಗುವುದು ವಾಯುವೇಗ. ಎತ್ತರ ಕಳೆದುಕೊಳ್ಳದೆ 36 ಡಿಗ್ರಿ ವಾಲಿ ತಿರುಗುವ ವಿಮಾನಕ್ಕೆ, ನೇರವಾಗಿ ಹಾರುವಾಗ ಬೇಕಾದ ಕನಿಷ್ಠ ವೇಗಕ್ಕಿಂತ ಸುಮಾರು ಶೇಕಡ 11ರಷ್ಟು ಹೆಚ್ಚು ವೇಗ ಬೇಕು. ಅದು ದೊರೆಯದಿದ್ದರೆ ರೆಕ್ಕೆಗಳು ಭಾರವನ್ನು ಹೊರಲಾರವು. ಸುಧಾರಿಸಿಕೊಳ್ಳಲು ಎತ್ತರವೂ ಉಳಿದಿರುವುದಿಲ್ಲ. ತಪ್ಪು ಗಾಳಿಯದಲ್ಲ, ನೆಲದ ವೇಗವನ್ನು ಗಾಳಿಯ ವೇಗವೆಂದು ತಿಳಿದ ಮನಸ್ಸಿನದು.

ಗಾಳಿಯು ಇದ್ದಕ್ಕಿದ್ದಂತೆ ಬದಲಾದರೆ, ಇಲ್ಲವೆ ಎತ್ತರದೊಡನೆ ತೀವ್ರವಾಗಿ ವ್ಯತ್ಯಾಸವಾದರೆ ವಾಯುವೇಗವೂ ಬದಲಾಗುತ್ತದೆ, ನಿಜ. ಆದರೆ ಅದು ಗಾಳಿಯ ಬದಲಾವಣೆಯ ಫಲವೇ ಹೊರತು ವಿಮಾನವು ತಿರುಗಿದುದರ ಫಲವಲ್ಲ. ಈ ಭೇದವನ್ನು ಗುರುತಿಸಬಲ್ಲವನೇ ಸಾಪೇಕ್ಷ ವೇಗವನ್ನು ಅರಿತವನು.

ಆದುದರಿಂದ ನದಿ ಮತ್ತು ದೋಣಿಯ ಲೆಕ್ಕದೊಡನೆ ಈ ಪ್ರಶ್ನೆಯನ್ನೂ ತರಗತಿಯಲ್ಲಿ ಚರ್ಚೆಗೆ ತರಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ಬಿನ್ನಹ. ವಿದ್ಯಾರ್ಥಿಗಳಾದರೋ ವೇಗವೆಂಬ ಮಾತು ಬಂದಾಗಲೆಲ್ಲ, ‘ಯಾವುದಕ್ಕೆ ಸಾಪೇಕ್ಷವಾಗಿ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ. ಅವರಲ್ಲಿ ಕೆಲವರು ಮುಂದೆ ವೈಮಾನಿಕರಾಗಬಹುದು. ಅಂದು ಅವರ ಪ್ರಾಣವನ್ನೂ ಜೊತೆಗಿರುವವರ ಪ್ರಾಣವನ್ನೂ ಕಾಯುವುದು ಪರೀಕ್ಷೆಯಲ್ಲಿ ಪಡೆದ ಅಂಕಗಳಲ್ಲ, ಈ ಒಂದು ಪ್ರಶ್ನೆ.